ಇಂದಿರಾಬಾಯಿಯ ಅಳತೆ

ಬೆಳಿಗ್ಗೆ ಸ್ನಾನ ಮಾಡಿ, ಹಿಂಡಿದ ಒದ್ದೆ ಸೀರೆ ಸುತ್ತಿಕೊಂಡು ಒಲೆಯ ಮುಂದೆ ನಿಂತರೆ, ಮಧ್ಯಾಹ್ನ ಗೋಪಾಲರಾಯರ ಊಟ ಮುಗಿಯುವ ತನಕ ಇಂದಿರಾಬಾಯಿಯನ್ನು ಯಾರೂ ಮುಟ್ಟುವಂತಿರಲಿಲ್ಲ. ಮಡಿ ಅಂದರೆ ಮಡಿ. ಹಾಲಿನವನು ಹೊರಗಿನ ಕಟ್ಟೆಯ ಮೇಲಿದ್ದ ತಂಬಿಗೆಗೆ ಹಾಲು ಸುರಿದು ಹೋಗಬೇಕು. ಭಾಂಡಿ ತಿಕ್ಕುವ ಸೋಮವ್ವ ಹಿತ್ತಲ ಬಾಗಿಲು ದಾಟಬಾರದು. ಹೆತ್ತ ಮಗ ವೇದವ್ಯಾಸ ಚಿಕ್ಕವನಿದ್ದಾಗಲೂ ಸಾಲೆಗೆ ಹೊರಡುವ ಹೊತ್ತಿಗೆ ದೂರ ನಿಂತೇ ಬರ್ತೀನಿ ಅಂತ ಹೇಳಿ ಹೋಗುತ್ತಿದ್ದ. ಜಮಖಂಡಿಯ ಆ ಓಣಿಯಲ್ಲಿ ಒಂದು ಕಾಲಕ್ಕೆ ಎಲ್ಲರ ಮನೆಯಲ್ಲೂ ಇದೇ ರಿವಾಜು. ಉಳಿದವರು ಒಬ್ಬೊಬ್ಬರಾಗಿ ಬಿಟ್ಟು ಹಗುರಾದರು. ಈ ಮನೆಗೂ ಗ್ಯಾಸು ಬಂತು, ಮಿಕ್ಸರು ಬಂತು, ಮಡಿ ಮಾತ್ರ ಹೋಗಲಿಲ್ಲ. ತಹಸೀಲು ಕಚೇರಿಯಿಂದ ನಿವೃತ್ತರಾದ ಗೋಪಾಲರಾಯರಿಗೆ ಮಡಿಯ ಅನ್ನವೇ ಆಗಬೇಕು. ಅವರಿಗೇನು, ಪೂಜೆಗೆ ಕೂಡುವಾಗ ಉಡಲು ಬೆಚ್ಚನೆಯ ರೇಷ್ಮೆ ಮಗುಟವಿತ್ತು. ಒದ್ದೆಯಲ್ಲಿ ನಡುಗುವ ಪಾಳಿ ಹೆಂಡತಿಯದು.

ಉಣ್ಣೆಯ ಬಟ್ಟೆಯಾಗಿದ್ದರೆ ಈ ಫಜೀತಿ ಇರುತ್ತಿರಲಿಲ್ಲ. ಉಣ್ಣೆಗೆ ಮೈಲಿಗೆ ತಾಗುವುದಿಲ್ಲ, ಒಣಗಿದ್ದೇ ಉಟ್ಟರೂ ಅದು ಮಡಿಯೇ. ಅತ್ತೆಯ ಕಾಲದ ಒಂದು ಧಾಬಳಿ ಇತ್ತು. ಅದನ್ನು ನುಸಿ ತಿಂದು ಎಷ್ಟೋ ವರ್ಷವಾಯಿತು. ಇನ್ನೊಂದು ತರಬೇಕೆಂದು ಗೋಪಾಲರಾಯರಿಗೆ ಹೊಳೆಯಲಿಲ್ಲ. ತರಿಸಿರೆಂದು ಕೇಳಲು ಇಂದಿರಾಬಾಯಿಗೆ ಬಾಯಿ ಬರಲಿಲ್ಲ. ಸಂಸಾರಗಳು ಹೀಗೆಯೇ ನಡೆಯುತ್ತವೆ ನೋಡಿ. ಒಬ್ಬರಿಗೆ ಹೊಳೆಯುವುದಿಲ್ಲ, ಇನ್ನೊಬ್ಬರು ಕೇಳುವುದಿಲ್ಲ.

ಆ ವರ್ಷ ಬೇಸಿಗೆಯಲ್ಲಿ ವೇದವ್ಯಾಸನ ಮದುವೆಯಾಗಿ ಮೀರಜಿನಿಂದ ಹರ್ಷದಾ ಸೊಸೆಯಾಗಿ ಬಂದಿದ್ದಳು. ವ್ಯಾಸನ ನೌಕರಿ ಬಾಡಗಂಡಿಯ ಕಡೆಯ ಸಕ್ಕರೆ ಕಾರ್ಖಾನೆಯಲ್ಲಿ. ಕಬ್ಬು ನುರಿಯುವ ಹಂಗಾಮು ಶುರುವಾದ ಮೇಲೆ ಅವನು ವಾರದ ರಜೆಗೊಮ್ಮೆ ಮನೆಗೆ ಬಂದು, ಉಂಡು, ಮಲಗಿ ಹೋಗುವವನಾದ. ಕ್ವಾರ್ಟರ್ಸ್ ಸಿಕ್ಕ ಕೂಡಲೇ ಹೆಂಡತಿಯನ್ನು ಕರೆದೊಯ್ಯುವುದೆಂದು ಮಾತಾಗಿತ್ತು. ಅಲ್ಲಿಯ ತನಕ ಹರ್ಷದಾ ಅಟ್ಟದ ಮೇಲಿನ ಕೋಣೆಯಲ್ಲಿ ಮೊಬೈಲು ಹಿಡಿದುಕೊಂಡು, ಮಾವನವರು ಪಡಸಾಲೆಯಲ್ಲಿ ಪೇಪರು ಹಿಡಿದುಕೊಂಡು, ಇಂದಿರಾಬಾಯಿ ಅಡಿಗೆಮನೆಯಲ್ಲಿ ಸವುಟು ಹಿಡಿದುಕೊಂಡು ದಿನ ನೂಕುತ್ತಿದ್ದರು. ಅಡಿಗೆಮನೆಗೆ ಕಾಲಿಡುವುದು ಹೇಗೆಂದು ಹುಡುಗಿಗೆ ತಿಳಿಯದು. ಬಾ ಅನ್ನುವುದು ಹೇಗೆಂದು ಅತ್ತೆಗೆ ತಿಳಿಯದು. ರಾಯರು ಇಬ್ಬರೊಡನೆಯೂ ಮಾತಾಡುತ್ತಿದ್ದುದು ಊಟದ ಹೊತ್ತಿಗೆ, ಅದೂ ಸಾರಿಗೆ ಉಪ್ಪು ಕಡಿಮೆಯಾದ ದಿನ.

ಚಳಿ ಬಿದ್ದ ಮೇಲೆ ಇಂದಿರಾಬಾಯಿಗೆ ಕೆಮ್ಮು ಹತ್ತಿತು. ಭಕ್ಕರಿ ಬಡಿಯುತ್ತ ಕೆಮ್ಮುವುದು, ತವ್ವಿಗೆ ಒಗ್ಗರಣೆ ಹಾಕುತ್ತ ಕೆಮ್ಮುವುದು. ಒಂದು ಬೆಳಿಗ್ಗೆ ಹರ್ಷದಾ ಹೊಸ್ತಿಲಾಚೆ ಬಂದು ನಿಂತಳು. ಒಣಗಿದ್ದು ಉಟ್ಟರೆ ಏನಾಗುತ್ತದೆಂದು ತನ್ನ ಮೀರಜಿನ ಕನ್ನಡದಲ್ಲಿ ಕೇಳಿದಳು. ಇಂದಿರಾಬಾಯಿ ಅಕ್ಕಿ ತೊಳೆಯುತ್ತಲೇ ಮಡಿಯ ಕಟ್ಟಳೆ ಹೇಳಿದಳು. ಉಣ್ಣೆಯದಾದರೆ ನಡೆಯುತ್ತದೆಂಬ ಮಾತು ಕೊನೆಗೆ ಬಾಯಿ ತಪ್ಪಿ ಬಂತು.

ಅಷ್ಟೇ ಸಾಕಾಯಿತು ಹುಡುಗಿಗೆ. ಮಧ್ಯಾಹ್ನ ಊಟವಾಗಿ, ಮಡಿ ಬಿಚ್ಚಿ, ಇಂದಿರಾಬಾಯಿ ಎಲೆಯಡಿಕೆ ಹಾಕಿಕೊಳ್ಳುವ ಹೊತ್ತಿಗೆ ಮೊಬೈಲಿನಲ್ಲಿ ಒಂದು ಚಿತ್ರ ಹಿಡಿದುಕೊಂಡು ಅಟ್ಟದಿಂದ ಇಳಿದು ಬಂದಳು. ಕಡ್ಡಿಯಿಂದ ಹೆಣೆದ ಶಾಲು. ಮೈತುಂಬ ಮುಕ್ಕೋಣ, ಮುಕ್ಕೋಣಕ್ಕೆ ಹತ್ತಿ ಇನ್ನೊಂದು ಮುಕ್ಕೋಣ, ಎರಡು ಕೂಡಿದಲ್ಲಿ ಚೌಕ. ಒಂದು ಮೂಲೆಯಲ್ಲಿ ಒಂದೇ ಕುಣಿಕೆಯಿಂದ ಶುರುಮಾಡುವುದು, ಸಾಲಿಗಿಷ್ಟು ಕುಣಿಕೆ ಏರಿಸುತ್ತ ಹೋಗುವುದು, ಮೈಗೆ ಸರಿಯಾಯಿತೆಂದು ಕಂಡಾಗ ನಿಲ್ಲಿಸುವುದು. ಮೊದಲೇ ಇಷ್ಟೇ ಎಂದು ಗೊತ್ತುಮಾಡಿ ಕೂಡಬೇಕಾಗಿಲ್ಲ, ಬೇಕಾದವರ ಬೇಕಾದ ಅಳತೆಗೆ ಬೆಳೆಸಬಹುದೆಂದು ಹರ್ಷದಾ ಹುರುಪಿನಿಂದ ತಿಳಿಸಿ ಹೇಳಿದಳು. ಹೆಣೆಯುವುದನ್ನು ತಾಯಿಯಿಂದ ಕಲಿತಿದ್ದಳಂತೆ, ಮದುವೆಯಾದ ಮೇಲೆ ಕಡ್ಡಿ ಮುಟ್ಟಿರಲಿಲ್ಲವಂತೆ.

"ಏಳ್ರಿ ಆಯಿ, ನಿಂದರ್ರಿ. ಅಳತಿ ತಗೋತೀನಿ," ಅಂದಳು.

ಇಂದಿರಾಬಾಯಿ ನಿಂತಳು. ಹುಡುಗಿ ಟೇಪನ್ನು ಈ ಭುಜದಿಂದ ಆ ಭುಜಕ್ಕೆ ಹಿಡಿದಳು. ಬೆನ್ನ ಹಿಂದೆ ಕೈ ಹಾಕಿ ಎದೆಯ ಮೇಲೆ ತಂದು ಕೂಡಿಸಿದಳು. ಅವಳ ಗದ್ದ ಇಂದಿರಾಬಾಯಿಯ ಕಿವಿಯ ಹತ್ತಿರ ಬಂತು, ಪೌಡರಿನ ವಾಸನೆ ಬಂತು, ಬೆರಳು ಬೆಚ್ಚಗಿದ್ದವು. ಒಂದು ಗಳಿಗೆಯ ಕೆಲಸ. ಆದರೆ ಇಂದಿರಾಬಾಯಿಯ ಕಣ್ಣಲ್ಲಿ ನೀರು ತುಂಬಿಬಿಟ್ಟಿತು. ತನ್ನನ್ನು ಒಬ್ಬರು ಹೀಗೆ ಸುತ್ತಿ ಹಿಡಿದು ಎಷ್ಟು ಕಾಲವಾಯಿತೆಂದು ನೆನೆಸಿಕೊಳ್ಳಲು ನೋಡಿದಳು, ನೆನಪಿಗೆ ಬರಲಿಲ್ಲ. ವ್ಯಾಸ ಮುಂಜಿವೆಗೆ ಮೊದಲು ತೊಡೆಯ ಮೇಲೆ ಮಲಗುತ್ತಿದ್ದ. ಆಮೇಲೆ ಅವನೂ ದೂರ ನಿಲ್ಲಲು ಕಲಿತ. ಗಂಡನ ಮಾತು ಬಿಡಿ. ಕೆಮ್ಮು ಬಂದವಳ ಹಾಗೆ ಮುಖ ತಿರುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮರುದಿನ ಹರ್ಷದಾ ಬಜಾರಿಗೆ ಹೋಗಿ ಕುಂಕುಮದ ಬಣ್ಣ, ಅರಿಷಿಣದ ಬಣ್ಣ, ನೇರಳೆ, ಮೂರು ತರಹದ ನೂಲಿನ ಲಡಿ ತಂದಳು. ಉಲ್ಲನ್ ಕೊಡಿ ಅಂತಲೇ ಕೇಳಿ ತಂದಿದ್ದಳು. ಲಡಿ ಸುತ್ತಿ ಉಂಡೆ ಮಾಡಲು ಇಂದಿರಾಬಾಯಿ ಎರಡೂ ಕೈ ಚಾಚಿ ಕೂತಳು. ಹುಡುಗಿ ಮೇಲಕ್ಕೆ ಹೋದ ಮೇಲೆ ಒಂದು ತುಂಡು ನೂಲು ನೆಲದ ಮೇಲೆ ಬಿದ್ದಿತ್ತು. ಅತ್ತೆ ಕಲಿಸಿದ ರೂಢಿ, ಇಂದಿರಾಬಾಯಿ ಅದನ್ನು ಎತ್ತಿ ದೇವರ ಮುಂದಿನ ನಿರಾಂಜನದ ಉರಿಗೆ ಹಿಡಿದು ನೋಡಿದಳು. ಖರೆ ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿಯಾಗಿ ಉದುರಬೇಕು. ಇದು ಸುರುಟಿಕೊಂಡು ಕರಗಿ, ಆರಿದ ಮೇಲೆ ಕರೀ ಮಣಿಯ ಹಾಗೆ ಗಟ್ಟಿಯಾಯಿತು. ಪೇಟೆಯಲ್ಲಿ ಉಲ್ಲನ್ ಅಂತ ಮಾರುವುದೆಲ್ಲ ಹೀಗೆಯೇ, ಕುರಿಯ ಮೈಯನ್ನು ಕಂಡದ್ದಲ್ಲ. ಇದರಲ್ಲಿ ಎಷ್ಟು ಚೆಂದದ ಶಾಲು ಹೆಣೆದರೂ ಮಡಿಗೆ ಬಾರದು.

ಹೇಳಬೇಕಾಗಿತ್ತು. ಆಗಲೇ ಅಟ್ಟದ ಮೆಟ್ಟಿಲ ಕೆಳಗೆ ನಿಂತು ಕೂಗಿ ಹೇಳಿದ್ದರೆ ಲಡಿ ಅಂಗಡಿಗೆ ವಾಪಸು ಹೋಗುತ್ತಿತ್ತು, ಮಾತು ಅಲ್ಲಿಗೆ ಮುಗಿಯುತ್ತಿತ್ತು. ಮುಗಿಯುತ್ತಿತ್ತು ಎಂಬುದೇ ಬೇಡವಾಗಿತ್ತು ಇಂದಿರಾಬಾಯಿಗೆ. ಮಣಿಯನ್ನು ಹಿತ್ತಲಿಗೆ ಎಸೆದು ಸುಮ್ಮನಾದಳು.

ಆ ಮೇಲಿನ ವಾರಗಳು ಛಲೋ ವಾರಗಳು. ಮಧ್ಯಾಹ್ನವಾದರೆ ಹರ್ಷದಾ ಕಡ್ಡಿ ಹಿಡಿದು ಪಡಸಾಲೆಯ ಕಂಬಕ್ಕೊರಗಿ ಕೂಡುವಳು, ಇಂದಿರಾಬಾಯಿ ಎದುರಿಗೆ ಕೂತು ಮೆಂತ್ಯದ ಸೊಪ್ಪು ಬಿಡಿಸುವಳು. ಮೀರಜಿನ ಮನೆಯ ಸುದ್ದಿ ಬಂತು, ಬಸ್ಸಿನಲ್ಲಿ ಸಿಕ್ಕವರ ಸುದ್ದಿ ಬಂತು, ವ್ಯಾಸ ಗೊರಕೆ ಹೊಡೆಯುವ ಸುದ್ದಿಯೂ ಬಂತು. ಇಬ್ಬರೂ ನಕ್ಕರು. ಇಂದಿರಾಬಾಯಿ ಝುಣಕ ಮಾಡುವ ರೀತಿ ಹೇಳಿಕೊಟ್ಟಳು, ಹರ್ಷದಾ ಬರಕೊಳ್ಳದೆ ಕೇಳಿ ಅರ್ಧ ಮರೆತಳು, ಮತ್ತೆ ಹೇಳಿಸಿಕೊಂಡಳು. ಒಂದೊಂದು ಪಟ್ಟಿ ಮುಕ್ಕೋಣ ಮುಗಿದಾಗ ಹುಡುಗಿ ಎದ್ದು ಬಂದು ಶಾಲನ್ನು ಅತ್ತೆಯ ಹೆಗಲಿಗೆ ಹೊದಿಸಿ, ಅಂಚು ಎಳೆದು, ಟೇಪು ಹಿಡಿದು ನೋಡುವಳು.

"ಸಾಕಾತೇನ್ರಿ ಆಯಿ?"

"ಇನ್ನ ಸ್ವಲ್ಪ ದೊಡ್ಡದಾಗ್ಲಿ."

ಸ್ವಲ್ಪ ದೊಡ್ಡದಾಯಿತು. ಮತ್ತೆ ಹೊದಿಸಿದಳು, ಮತ್ತೆ ಕೇಳಿದಳು, ಮತ್ತೆ ಅದೇ ಉತ್ತರ. ಶಾಲು ಬೆನ್ನು ಮುಚ್ಚಿತು, ಸೊಂಟಕ್ಕಿಳಿಯಿತು, ಎರಡೂ ಬದಿ ಮೊಣಕಾಲು ಮುಟ್ಟಿತು. ಇಂದಿರಾಬಾಯಿಗೆ ದೊಡ್ಡ ಶಾಲು ಬೇಕಾಗಿತ್ತೇ? ಏನೂ ಬೇಕಾಗಿರಲಿಲ್ಲ. ಸಾಕು ಅಂದರೆ ಹುಡುಗಿ ಇನ್ನೊಮ್ಮೆ ಬಂದು ಭುಜ ಹಿಡಿಯುವುದಿಲ್ಲ, ಅದಕ್ಕೆ ಸಾಕು ಅನ್ನುತ್ತಿರಲಿಲ್ಲ. ನೂಲು ತೀರಿತೆಂದು ವ್ಯಾಸನಿಗೆ ಫೋನು ಹೋಯಿತು, ಅವನು ಮಹಾಲಿಂಗಪುರದಿಂದ ಅದೇ ಬಣ್ಣ ಹುಡುಕಿ ತಂದ. ಗೋಪಾಲರಾಯರು ಪೇಪರಿನ ಮೇಲಿಂದ ಕಣ್ಣು ಹಾಯಿಸಿ, ಇದು ಶಾಲೋ ಜಮಖಾನೆಯೋ, ಯಾರ ಮದುವೆಯ ಮಂಟಪಕ್ಕೆ ಹಾಸುವವರಿದ್ದೀರಿ ಅಂತ ಕೇಳಿದರು. ಆ ಮನೆಯಲ್ಲಿ ಅವರು ಚೇಷ್ಟೆ ಮಾಡಿದ್ದನ್ನು ಹರ್ಷದಾ ಕೇಳಿದ್ದು ಅದೇ ಮೊದಲು.

ಪುಷ್ಯ ಮಾಸದಲ್ಲಿ ರಾಯರ ತಾಯಿಯ ಶ್ರಾದ್ಧ. ಆ ದಿನ ನಸುಕಿನಿಂದ ಮಧ್ಯಾಹ್ನ ಇಳಿಯುವ ತನಕ ಮಡಿಯಲ್ಲಿ ನಿಂತು ಅಡಿಗೆ ಮಾಡಬೇಕು. ಅಷ್ಟರೊಳಗೆ ಶಾಲು ಮುಗಿಸಲೇಬೇಕೆಂದು ಹರ್ಷದಾ ಹಟ ಹಿಡಿದಳು, ಹಿಡಿದಂತೆ ಮುಗಿಸಿದಳು. ದಿನದ ಅಡಿಗೆಯ ಮಾತು ಬೇರೆ, ಶ್ರಾದ್ಧದ ಅಡಿಗೆ ಬೇರೆ. ಹೊಸದು, ನಾಳೆ ಹೊದ್ದರಾಯಿತು, ಎಣ್ಣೆ ಸಿಡಿಯುತ್ತದೆ ಅಂತ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಳ್ಳುವುದೆಂದು ಇಂದಿರಾಬಾಯಿ ಗೊತ್ತುಮಾಡಿಕೊಂಡಿದ್ದಳು. ಆದರೆ ಆ ಬೆಳಿಗ್ಗೆ ಬಚ್ಚಲಿನಿಂದ ಹೊರಗೆ ಬಂದರೆ ಹುಡುಗಿ ತಾನೂ ತಲೆಗೆ ನೀರು ಹಾಕಿಕೊಂಡು, ಒದ್ದೆ ಸೀರೆಯಲ್ಲಿ ಹಲ್ಲು ಕಟಕಟ ಅನ್ನುತ್ತ, ಶಾಲು ಹಿಡಿದುಕೊಂಡು ನಿಂತಿದ್ದಳು. ತಾನೂ ಮಡಿಯಲ್ಲಿದ್ದೇನೆ, ಮುಟ್ಟಬಹುದಲ್ಲ ಅಂತ ಕೇಳಿದಳು. ಕೇಳುತ್ತಲೇ ಹೊದಿಸಿಬಿಟ್ಟಳು. ಬೆಚ್ಚಗಾಯಿತು. ಇಂದಿರಾಬಾಯಿ ಅಂಚು ಎಳೆದುಕೊಂಡು ಒಲೆ ಹೊತ್ತಿಸಿದಳು.

ಅತ್ತೆ ಸೊಸೆ ಕೂಡಿ ಅಡಿಗೆ ಮಾಡಿದರು. ವಡೆ, ಹೆಸರುಬೇಳೆಯ ಪಾಯಸ, ಎಳ್ಳಿನ ಉಂಡೆ, ಪಡವಲಕಾಯಿಯ ಪಲ್ಯ. ಬ್ರಾಹ್ಮಣರು ತೃಪ್ತಿಯಾಗಿ ಉಂಡು, ಅಡಿಗೆ ಹೊಗಳಿ, ದಕ್ಷಿಣೆ ಎತ್ತಿಕೊಂಡು ಹೋದರು. ಮನೆಯವರಿಗೆ ಬಡಿಸಲು ಹುಳಿ ಬಿಸಿ ಮಾಡುತ್ತ ಇಂದಿರಾಬಾಯಿ ಮೇಲಿನ ಗೂಡಿನಿಂದ ತುಪ್ಪದ ಗಿಂಡಿ ಇಳಿಸಿಕೊಳ್ಳಲು ಒಲೆಯ ಮೇಲಿಂದ ಕೈ ಚಾಚಿದಳು. ಬೇಕಾದ್ದಕ್ಕಿಂತ ದೊಡ್ಡ ಶಾಲು, ಜೋತು ಬಿದ್ದ ಮೂಲೆ ಗ್ಯಾಸಿನ ಉರಿಗೆ ತಾಗಿತು. ಹರ್ಷದಾ ಕೂಗಿಕೊಂಡು ಕೈಯಿಂದಲೇ ಬಡಿದು ಆರಿಸಿದಳು. ಅನಾಹುತವೇನೂ ಆಗಲಿಲ್ಲ, ಆದರೆ ಅಡಿಗೆಮನೆಯ ತುಂಬ ಪ್ಲಾಸ್ಟಿಕ್ ಸುಟ್ಟ ಹೊಲಸು ವಾಸನೆ ಎದ್ದಿತು.

ಗೋಪಾಲರಾಯರು ಮಗುಟ ಸಾವರಿಸಿಕೊಳ್ಳುತ್ತ ಬಂದು ನಿಂತರು, ಹಿಂದೆ ಶ್ರಾದ್ಧಕ್ಕೆಂದು ಬಂದಿದ್ದ ವ್ಯಾಸ. ರಾಯರು ಕರಗಿದ ಮೂಲೆಯನ್ನು ಬಗ್ಗಿ ನೋಡಿದರು.

"ಇದು ಉಣ್ಣಿ ಅಲ್ಲ."

ಹರ್ಷದಾಳ ಮುಖ ಬಿಳಿಚಿತು. ತನ್ನದೇ ತಪ್ಪು, ಅಂಗಡಿಯಲ್ಲಿ ಉಲ್ಲನ್ ಅಂದರು, ತನಗೆ ಗೊತ್ತಾಗಲಿಲ್ಲ ಅಂತ ತಡವರಿಸಿದಳು. ನಿನಗೆ ತಿಳಿಯದು, ನಿನ್ನ ತಪ್ಪಿಲ್ಲ ಅಂದರು ರಾಯರು. ಆ ಮಾತು ಅವರು ಮೆತ್ತಗೇ ಆಡಿದರು. ಆಮೇಲೆ ಹೆಂಡತಿಯ ಕಡೆ ತಿರುಗಿದರು.

"ನಿನಗೂ ತಿಳೀಲಿಲ್ಲೇನು?"

ಇಲ್ಲ ಅಂದಿದ್ದರೆ ಆಗುತ್ತಿತ್ತು. ಆದರೆ ಅಂಥ ಸುಳ್ಳು ಆ ದಿನ, ಆ ಅಡಿಗೆಯ ಮುಂದೆ ನಿಂತು ಬಾಯಿಗೆ ಬರಲಿಲ್ಲ.

"ಮೊದಲಽ ಗೊತ್ತಿತ್ತು," ಅಂದಳು ಇಂದಿರಾಬಾಯಿ.

"ಗೊತ್ತಿದ್ದು ನಮ್ಮವ್ವನ ಶ್ರಾದ್ಧದ ಅಡಿಗಿ ಮಾಡ್ದಿ?"

"ಮಾಡ್ದೆ."

ಯಾಕೆಂದು ಕೇಳಿದರು. ಯಾಕೆಂದು ಹೇಳಲಿ? ನನ್ನನ್ನು ಯಾರಾದರೂ ಹಿಡಿದು ನಿಲ್ಲಿಸಿ ಅಳೆಯುವುದು ಬೇಕಾಗಿತ್ತು ಅಂತ ಈ ವಯಸ್ಸಿನಲ್ಲಿ ಗಂಡ, ಮಗ, ಸೊಸೆ ಮೂವರ ಮುಂದೆ ಹೇಳುವುದು ಹೇಗೆ? ಕೈ ಚಾಚಿ ಗ್ಯಾಸು ಆರಿಸಿದಳು. ರಾಯರು ಆ ದಿನ ಉಣ್ಣಲಿಲ್ಲ. ಆಗಿಹೋದ ಕಾಲ, ಸತ್ತವರು ಶಾಲು ನೋಡಲು ಬರುತ್ತಾರೇನು ಅಂತ ವ್ಯಾಸ ಅಪ್ಪನೊಡನೆ ಜಗಳಕ್ಕೆ ನಿಂತ. ಮಾತಿಗೆ ಮಾತು ಬೆಳೆಯಿತು. ಮರುದಿನ ಪುರೋಹಿತರನ್ನು ಕರೆಸಿ ಪಂಚಗವ್ಯ, ಪುಣ್ಯಾಹ ಎಲ್ಲ ಆಯಿತು. ಅಡಿಗೆಮನೆ ಶುದ್ಧವಾಯಿತು.

ಇಂದಿರಾಬಾಯಿಯನ್ನು ಸುಟ್ಟಿದ್ದು ಗಂಡನ ಸಿಟ್ಟಲ್ಲ, ಅದು ರೂಢಿಯಾಗಿತ್ತು. ಆ ಸಂಜೆ ಹರ್ಷದಾ ಕೇಳಿದ ಮಾತು ಒಳಗೆ ಹೊಕ್ಕು ಕೂತಿತು.

"ಮೊದಲಽ ಗೊತ್ತಿತ್ತಂದ್ರ ಮತ್ಯಾಕ್ರೀ ಹೆಣಿಸಿದ್ರಿ? ದೊಡ್ಡದಾಗ್ಲಿ, ದೊಡ್ಡದಾಗ್ಲಿ ಅಂತ ಮಶ್ಕಿರಿ ಮಾಡಿದ್ರ್ಯಾ ನಂಗ?"

ಇಂದಿರಾಬಾಯಿ ತಲೆ ಅಲ್ಲಾಡಿಸಿದಳು. ಹುಡುಗಿ ಶಾಲನ್ನು ಸುರುಳಿ ಸುತ್ತಿ ಹಿಡಿದುಕೊಂಡು ಅಟ್ಟ ಹತ್ತಿದಳು. ಆಮೇಲೆ ಪಡಸಾಲೆಯ ಕಂಬಕ್ಕೊರಗಿ ಕೂಡಲಿಲ್ಲ. ಕರೆದರೆ ಬಂದು ಉಂಡಳು, ತಾಟು ಎತ್ತಿಟ್ಟಳು, ಏನಾದರೂ ಬೇಕೇ ಎಂದರೆ ಬ್ಯಾಡ್ರಿ ಅಂದಳು. ಒರಟಾಗಿ ಒಂದು ಮಾತಾಡಲಿಲ್ಲ. ಜಗಳವಾಡಿದ್ದರೆ ಎಷ್ಟೋ ಸಮಾಧಾನವಿರುತ್ತಿತ್ತು. ಇಂದಿರಾಬಾಯಿ ಮಧ್ಯಾಹ್ನ ಒಬ್ಬಳೇ ಸೊಪ್ಪು ಬಿಡಿಸಿದಳು. ಎರಡು ಸಲ ಮೆಟ್ಟಿಲ ತನಕ ಹೋಗಿ ತಿರುಗಿ ಬಂದಳು. ತಿಕ್ಕಿದ ಭಾಂಡಿ ಬೋರಲು ಹಾಕುತ್ತಿದ್ದ ಸೋಮವ್ವ ನೋಡಿ, "ಯಾಕ್ರೀ ಬಾಯಾರ, ಸಣ್ಣ ಬಾಯಾರು ಕೆಳಗ ಬರವಲ್ರಲ್ಲ, ಮೈಯಾಗ ಹುಷಾರಿಲ್ಲೇನ್ರಿ?" ಅಂದಳು. ಛಲೋ ಇದ್ದಾಳೆ ಅಂದಳು ಇಂದಿರಾಬಾಯಿ.

ಸಂಕ್ರಮಣ ಕಳೆದ ಮೇಲೆ ವ್ಯಾಸ ಕ್ವಾರ್ಟರ್ಸಿನ ಕೀಲಿ ತಂದ. ಎರಡು ಕೋಣೆ, ನಳದ ನೀರು, ಹಿಂದೆ ಕಬ್ಬಿನ ಹೊಲ. ಹೊರಡುವ ದಿನ ಬೆಳಿಗ್ಗೆಯೇ ಟೆಂಪೋ ಬಂದು ಓಣಿಯಲ್ಲಿ ನಿಂತಿತು. ಮಕ್ಕಳು ಉಂಡು ಹೋಗಲೆಂದು ಇಂದಿರಾಬಾಯಿ ನಸುಕಿನಲ್ಲೇ ಸ್ನಾನ ಮಾಡಿ ಅಡಿಗೆ ಮಾಡಿದ್ದಳು, ಒದ್ದೆ ಸೀರೆಯಲ್ಲಿ. ವ್ಯಾಸ ಅವಸರದಲ್ಲಿ ಉಂಡು ಗಾದಿ, ಪಾತ್ರೆ, ಮಿಕ್ಸರಿನ ಡಬ್ಬಿ ಹೇರಲು ಹೋದ. ಹರ್ಷದಾ ಎರಡು ತುತ್ತು ಉಂಡಳು. ರಾಯರು ಪೂಜೆ ಮುಗಿಸಿ ಮಣೆಯ ಮೇಲೆ ಬಂದು ಕೂತರು. ಎಲೆಗೆ ಅನ್ನ ಬೀಳುವುದಷ್ಟೇ ಬಾಕಿ.

ಹುಡುಗಿ ಹೊಸ್ತಿಲಿಂದ ಇಷ್ಟು ದೂರದಲ್ಲಿ ನೆಲಕ್ಕೆ ಹಣೆ ಹಚ್ಚಿ ನಮಸ್ಕಾರ ಮಾಡಿದಳು. ಎದ್ದು ನಿಂತು, ಕೆಳಗೆ ನೋಡುತ್ತ ಹೇಳಿದಳು.

"ಖರೆ ಉಣ್ಣಿ ಪಂಢರಪುರದಾಗ ಸಿಗ್ತದಂತ, ಆಯಿ. ತರಿಸಿ ಹೊಸಾದು ಹೆಣದು ಕೊಟ್ಟು ಕಳಸ್ತೀನಿ. ಅಳತಿ ನಂಗ ಗೊತ್ತದ."

ಒಳ್ಳೆಯ ಮಾತೇ. ಸಿಟ್ಟು ಇಳಿದಿದೆ ಅಂತ ಹೇಳುವ ಮಾತು. ಆದರೆ ಇಂದಿರಾಬಾಯಿಗೆ ಅದರಲ್ಲಿ ಕೇಳಿಸಿದ್ದು ಒಂದೇ, ಅಳತೆ ಗೊತ್ತಿದೆ, ಇನ್ನು ಬರಬೇಕಾಗಿಲ್ಲ. ಶಾಲು ಬರುತ್ತದೆ, ವ್ಯಾಸನ ಕೈಯಲ್ಲೋ ಬಸ್ಸಿನ ಕಂಡಕ್ಟರನ ಕೈಯಲ್ಲೋ. ಅದನ್ನು ತಾನೇ ಹೊದ್ದುಕೊಳ್ಳಬೇಕು. ಕೈಯಲ್ಲಿದ್ದ ಅನ್ನದ ಸವುಟನ್ನು ಬೋಗುಣಿಯಲ್ಲಿಟ್ಟಳು.

"ಆ ಅಳತಿ ತಪ್ಪದ. ಮತ್ತೊಮ್ಮೆ ತಗೋ."

ಹರ್ಷದಾ ತಲೆಯೆತ್ತಿದಳು.

"ನೀವು ಮಡೀಲೆ ಇದ್ದೀರಿ, ಆಯಿ."

"ಇದ್ರ ಇರ್ಲಿ."

ಇಂದಿರಾಬಾಯಿ ಹೊಸ್ತಿಲು ದಾಟಿ ಪಡಸಾಲೆಗೆ ಬಂದು, ಎರಡೂ ಕೈ ಅಗಲಿಸಿ ನಿಂತಳು. ಒದ್ದೆ ಸೆರಗು ಮೈಗೆ ಅಂಟಿಕೊಂಡಿತ್ತು.

"ಇಂದಿರಾ, ನಂದಿನ್ನೂ ಊಟ ಆಗಿಲ್ಲ," ಅಂದರು ಗೋಪಾಲರಾಯರು.

"ಕಾಣಸ್ತದರಿ. ಕೂಡ್ರಿ. ಮತ್ತ ಸ್ನಾನ ಮಾಡಿ ಮತ್ತ ಅಡಿಗಿ ಮಾಡ್ತೀನಿ."

ಅಷ್ಟು ವರ್ಷದ ಸಂಸಾರದಲ್ಲಿ ರಾಯರಿಗೆ ಹಾಗೆ ಕೂಡ್ರಿ ಅಂದವರಿರಲಿಲ್ಲ. ಅವರು ಕೂತರು. ಹೊರಗೆ ವ್ಯಾಸ ಹೊತ್ತಾಯಿತೆಂದು ಕೂಗುತ್ತಿದ್ದ. ಹರ್ಷದಾ ಚೀಲದ ತಳಕ್ಕೆ ಕೈ ಹಾಕಿ, ಬಟ್ಟೆ ಸರಿಸಿ, ಟೇಪು ಹುಡುಕಿ ತೆಗೆದಳು. ಹತ್ತಿರ ಬಂದು ಒಂದು ಗಳಿಗೆ ಅನುಮಾನಿಸಿದಳು. ಆಮೇಲೆ ಅತ್ತೆಯ ಭುಜದ ಮೇಲೆ ಕೈಯಿಟ್ಟಳು. ಭುಜದಿಂದ ಭುಜಕ್ಕೆ ಹಿಡಿದಳು. ಬೆನ್ನು ಬಳಸಿ ಕೈ ಹಾಕಿ ಎದೆಯ ಮೇಲೆ ತಂದು ಕೂಡಿಸಿದಳು. ಅವಳ ಒಣ ಕುರ್ತಾ ಎದೆಯ ಮಟ್ಟಕ್ಕೆ ಒದ್ದೆಯಾಯಿತು. ಇಂದಿರಾಬಾಯಿ ಕಣ್ಣು ಮುಚ್ಚಿಕೊಂಡು ನಿಂತಿದ್ದಳು. ಮೈ ನಡುಗುತ್ತಿತ್ತು, ಅದು ಚಳಿಗಲ್ಲ ಅಂತ ಹುಡುಗಿಗೆ ತಿಳಿಯಿತು. ಹೆಣಿಸಿದ್ದು ಯಾಕೆಂಬುದೂ ತಿಳಿಯಿತು.

"ಎಷ್ಟಾತು?" ಅಂತ ಇಂದಿರಾಬಾಯಿ ಕೇಳಿದಳು.

ಹರ್ಷದಾ ಟೇಪು ನೋಡಿದಳು. ಮೊದಲ ದಿನ ಎಷ್ಟಿತ್ತೋ ಅಷ್ಟೇ ಇತ್ತು, ಒಂದು ಗೆರೆ ಹೆಚ್ಚಿಲ್ಲ, ಒಂದು ಗೆರೆ ಕಡಿಮೆಯಿಲ್ಲ.

"ಹೌದ್ರಿ ಆಯಿ, ತಪ್ಪಿತ್ತು," ಅಂದಳು. "ಹೆಣೀಲಿಕ್ಕೆ ಚಾಲೂ ಮಾಡಿದ ಮ್ಯಾಲೆ ಬಂದು ಬಂದು ನೋಡ್ಕೊಂಡು ಹೋಗಬೇಕಾಗ್ತದ."

ಕೈ ಮಾತ್ರ ಕೂಡಲೇ ತೆಗೆಯಲಿಲ್ಲ. ವ್ಯಾಸ ಬಂದು ಬಾಗಿಲಲ್ಲಿ ನಿಂತ ಮೇಲೆ ತೆಗೆದಳು.

ಇಂದಿರಾಬಾಯಿ ಬಾಗಿಲ ತನಕ ಹೋಗಲಿಲ್ಲ, ರಾಯರ ಊಟಕ್ಕೆ ಹೊತ್ತಾಗಿತ್ತು. ಬಚ್ಚಲಿಗೆ ಹೋಗಿ ಕದ ಹಾಕಿಕೊಂಡಳು. ಹಂಡೆಯಿಂದ ತಂಬಿಗೆ ತುಂಬಿಕೊಂಡು ತಲೆಯ ಮೇಲೆ ಎತ್ತಿದಳು, ಸುರಿದುಕೊಳ್ಳಲು ಮನಸ್ಸಾಗಲಿಲ್ಲ. ಭುಜದ ಮೇಲೆ, ಬೆನ್ನ ಮೇಲೆ ಹುಡುಗಿ ಹಿಡಿದ ಕಡೆಯೆಲ್ಲ ಈ ನೀರು ಹರಿದು ಹೋಗುತ್ತದೆ. ತಂಬಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಚ್ಚಲ ಕಲ್ಲಿನ ಮೇಲೆ ಕೂತಳು. ಟೆಂಪೋ ಶುರುವಾದದ್ದು ಕೇಳಿಸಿತು, ಓಣಿಯ ತಿರುವಿನಲ್ಲಿ ಹಾರ್ನು ಹೊಡೆದದ್ದು ಕೇಳಿಸಿತು, ಆಮೇಲೆ ಏನೂ ಕೇಳಿಸಲಿಲ್ಲ. ಪಡಸಾಲೆಯಿಂದ ಗೋಪಾಲರಾಯರು ಒಮ್ಮೆ ಕೂಗಿದರು. ಅವರು ಎರಡನೆಯ ಸಲ ಕೂಗಿದಾಗ ನೀರು ಸುರಿದುಕೊಂಡಳು.